ಮುಂಬಯಿಯ ಪಂಕ್ತಿ

ಹೊಸ ಊರಿಗೆ ಹೋದವನು ಮೊದಲು ದೇವಸ್ಥಾನವನ್ನು ಹುಡುಕಬೇಕೆಂದು ಹಿರಿಯರು ಹೇಳುವುದುಂಟು. ಆದರೆ ಪ್ರಯಾಣದಲ್ಲಿ ಹಸಿವು ಭಕ್ತಿಗಿಂತ ಬೇಗ ಎಚ್ಚರಗೊಳ್ಳುತ್ತದೆಂಬುದು ನನ್ನ ಅನುಭವ. ಕಾರ್ಯನಿಮಿತ್ತವಾಗಿ ಮುಂಬಯಿಗೆ ಹೋದಾಗಲೆಲ್ಲ ನಾನು ಮೊದಲು ಕೈಗೊಳ್ಳುವುದು ಉಪಾಹಾರಗೃಹಗಳ ಶೋಧವನ್ನು. ಇದಕ್ಕೆ ನನ್ನದೇ ಆದ ಒಂದು ಕ್ರಮವಿದೆ. ಹೊರಗಿನ ಹಲಗೆಯನ್ನು ನಂಬದೆ, ಮಧ್ಯಾಹ್ನ ಒಂದು ಗಂಟೆಗೆ ಗುಮಾಸ್ತರೂ ಹಮಾಲರೂ ಯಾವ ಬಾಗಿಲನ್ನು ಹೊಗುವರೆಂದು ನೋಡುತ್ತೇನೆ. ಒಳಹೊಕ್ಕ ಮೇಲೆ ರುಚಿಗಿಂತ ಮೊದಲು ಇನ್ನೊಂದನ್ನು ಗಮನಿಸುತ್ತೇನೆ: ಇಲ್ಲಿ ಯಾರ ಮಗ್ಗುಲಲ್ಲಿ ಯಾರು ಕುಳಿತಿದ್ದಾರೆ?

ಇದು ಕೆಲಸಕ್ಕೆ ಬಾರದ ಪ್ರಶ್ನೆಯೆಂದು ವಾಚಕರು ಭಾವಿಸಬಾರದು. ನಮ್ಮಲ್ಲಿ ಊಟವೆಂಬುದು ಬಹುಕಾಲ ಹೊಟ್ಟೆಗಿಂತ ಹೆಚ್ಚಾಗಿ ಪಂಕ್ತಿಯ ವಿಷಯವಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ದಕ್ಷಿಣದ ಎಷ್ಟೋ ಹೋಟಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆಯಿತ್ತು. ಕೆಲವರಿಗಂತೂ ಪ್ರವೇಶವೇ ಇರಲಿಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನವು ತನ್ನ 15ನೆಯ ವಿಧಿಯಲ್ಲಿ ಬಾವಿ, ಕೆರೆ, ಅಂಗಡಿಗಳೊಂದಿಗೆ ಹೋಟಲುಗಳನ್ನೂ ಉಪಾಹಾರಗೃಹಗಳನ್ನೂ ಹೆಸರಿಸಿ, ಧರ್ಮ, ಜಾತಿ ಮೊದಲಾದ ಕಾರಣಗಳಿಂದ ಅಲ್ಲಿ ಯಾರನ್ನೂ ತಡೆಯಕೂಡದೆಂದು ವಿಧಿಸಿತು. ದೇಶದ ಮೂಲಶಾಸನವೇ ಹೋಟಲಿನ ಬಾಗಿಲನ್ನು ಕುರಿತು ಮಾತನಾಡಬೇಕಾಯಿತೆಂದರೆ, ಆ ಬಾಗಿಲು ಎಷ್ಟು ಭಾರವಾಗಿದ್ದಿರಬೇಕು!

ಶಾಸನ ಬರುವುದಕ್ಕೆ ಮುಂಚೆಯೇ ಆ ಬಾಗಿಲನ್ನು ತೆರೆದಿಟ್ಟವರಲ್ಲಿ ಮುಂಬಯಿಯ ಇರಾನಿಗಳನ್ನು ನೆನೆಯಬೇಕು. ಯಜ್ದ್, ಕೆರ್ಮಾನ್ ಮೊದಲಾದ ಪ್ರಾಂತಗಳಿಂದ ಬಂದ ಈ ಜರತುಷ್ಟ್ರ ಮತಸ್ಥರು ಬೀದಿಯ ಮೂಲೆಮೂಲೆಗಳಲ್ಲಿ ಚಹದ ಅಂಗಡಿಗಳನ್ನು ಹೂಡಿದರು. ಧೋಬಿ ತಲಾವಿನ ಬಳಿಯ ಕಯಾನಿ 1904ರದು. ಬ್ಯಾಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ 1923ರದು. ಇರಾನಿನ ಹುಳಿಹಣ್ಣುಗಳನ್ನು ಉದುರಿಸಿದ ಪುಲಾವಿಗೆ ಬ್ರಿಟಾನಿಯಾ ಪ್ರಸಿದ್ಧ. ಕಯಾನಿಯಲ್ಲಿ ಗರಿಗರಿಯಾದ ಬ್ರುನ್ ರೊಟ್ಟಿಗೆ ಬೆಣ್ಣೆ ಬಳಿದು ಕೊಡುತ್ತಾರೆ. ಅದನ್ನು ಚಹದಲ್ಲಿ ಅದ್ದಿ ತಿನ್ನುವುದೇ ಕ್ರಮ. ಒಮ್ಮೆ ಅಲ್ಲಿ ನನ್ನ ಮೇಜಿಗೆ ಒಬ್ಬ ವಕೀಲರೂ ಒಬ್ಬ ಟ್ಯಾಕ್ಸಿ ಚಾಲಕನೂ ಬಂದು ಕುಳಿತರು. ಯಾರೂ ಯಾರ ಹೆಸರನ್ನೂ ಕೇಳಲಿಲ್ಲ. ಸಕ್ಕರೆಯ ಬಟ್ಟಲು ಮಾತ್ರ ಮೂವರ ಕೈಯಲ್ಲೂ ಸುತ್ತಿತು.

ಇನ್ನು ನಮ್ಮವರ ಮಾತು. ಮಾಟುಂಗದ ರೈಲು ನಿಲ್ದಾಣದ ಸಮೀಪದಲ್ಲಿ ಎ. ರಾಮನಾಯಕರು 1942ರಲ್ಲಿ ಸ್ಥಾಪಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಸರದಿಗಾಗಿ ಕಾದು, ತೆರವಾದ ಕಡೆ ಕುಳಿತು, ಬಾಳೆಯೆಲೆಯ ಮೇಲೆ ಸಾರು-ಅನ್ನ ಉಂಡಾಗ ಪ್ರವಾಸದ ಆಯಾಸವೆಲ್ಲ ಇಳಿಯಿತು. ನನ್ನ ಎಡಕ್ಕೆ ಗುಜರಾತಿ ವ್ಯಾಪಾರಿ, ಬಲಕ್ಕೆ ಮರಾಠಿ ವಿದ್ಯಾರ್ಥಿನಿ. ಬಡಿಸುವವರ ನಾಲಗೆಯಲ್ಲಿ ಕನ್ನಡವೂ ತುಳುವೂ. ಮಠದ ಊರಿನ ಹೆಸರು ಹೊತ್ತ ಅಡಿಗೆ ಇಲ್ಲಿ ಸರ್ವರ ಪಂಕ್ತಿಯನ್ನು ಸೇರಿದೆ. ಕರಾವಳಿಯಿಂದ ಚಿಕ್ಕವಯಸ್ಸಿನಲ್ಲೇ ಹೊರಟು, ಮುಂಬಯಿಯ ಹೋಟಲುಗಳಲ್ಲಿ ಹಗಲೆಲ್ಲ ಲೋಟ ತೊಳೆದು, ಸಂಜೆ ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದವರು ಎಷ್ಟೋ ಮಂದಿ. ಆ ಎಲೆಯ ಮುಂದೆ ಕುಳಿತಾಗ ಅವರ ನೆನಪಾಗದೆ ಇರದು.

ಪಾನಗೃಹದ ಮಾತೆತ್ತಿದರೆ ಕೆಲವರು ಹುಬ್ಬು ಗಂಟಿಕ್ಕಬಹುದು. ನಾನು ನಿಂಬೆಯ ಪಾನಕದವನು. ಆದರೂ ಅಲ್ಲಿಗೂ ಹೋಗಿದ್ದೇನೆ. 1949ರ ಪಾನನಿರೋಧ ಶಾಸನದ ನೆನಪಾಗಿ ‘ಪರ್ಮಿಟ್ ರೂಮ್’ ಎಂಬ ಮಾತು ಮುಂಬಯಿಯ ಹಲಗೆಗಳ ಮೇಲೆ ಉಳಿದುಕೊಂಡಿದೆ. ಕೊಲಾಬದ ಲಿಯೊಪೋಲ್ಡ್ 1871ರಿಂದ ನಡೆದುಬಂದದ್ದು. 2008ರ ನವೆಂಬರ್ 26ರ ರಾತ್ರಿ ಭಯೋತ್ಪಾದಕರು ಅಲ್ಲಿ ಊಟಕ್ಕೆ ಕುಳಿತಿದ್ದವರ ಮೇಲೆ ಗುಂಡು ಹಾರಿಸಿದರು. ನಾಲ್ಕೇ ದಿನಗಳಲ್ಲಿ ಅದು ಮತ್ತೆ ಬಾಗಿಲು ತೆರೆಯಿತು. ಗುಂಡಿನ ಗುರುತುಗಳನ್ನು ಅಳಿಸದೆ ಉಳಿಸಿಕೊಂಡಿದ್ದಾರೆ. ಆ ಗುರುತಿನ ಕೆಳಗೆ ನಾನಾ ದೇಶದವರು ನಗುತ್ತ ಕುಳಿತಿದ್ದುದನ್ನು ಕಂಡಾಗ, ಅಪರಿಚಿತರು ಒಟ್ಟಿಗೆ ಕೂಡುವುದಕ್ಕೂ ಧೈರ್ಯ ಬೇಕೆಂದು ನನಗೆ ತೋರಿತು.

ಈಗ ಇರಾನಿಗಳ ಅಂಗಡಿಗಳು ಒಂದೊಂದಾಗಿ ಮುಚ್ಚಿ, ಬೆರಳೆಣಿಕೆಯಷ್ಟು ಉಳಿದಿವೆ. ಒಂದು ಬಟ್ಟಲು ಕಾಫಿಗೆ ಕೂಲಿಯವನ ಅರ್ಧ ದಿನದ ಸಂಪಾದನೆಯನ್ನು ಕೇಳುವ ಹೊಸ ಮನೆಗಳು ಎದ್ದಿವೆ. ಅಲ್ಲಿ ಜಾತಿಯನ್ನು ಯಾರೂ ವಿಚಾರಿಸುವುದಿಲ್ಲ, ನಿಜ. ಬೆಲೆಯ ಪಟ್ಟಿಯೇ ಆ ಕೆಲಸವನ್ನು ಮೌನವಾಗಿ ಮಾಡುತ್ತದೆ. ಸಂವಿಧಾನದ ಕಣ್ಣಿಗೆ ಬೀಳದ ಪಂಕ್ತಿಭೇದವಿದು. ಆದುದರಿಂದ ಮುಂಬಯಿಗೆ ಹೋಗುವ ವಾಚಕರಲ್ಲಿ ನನ್ನ ವಿನಂತಿ ಇಷ್ಟೆ: ಒಂದು ಹೊತ್ತಿನ ಊಟವನ್ನಾದರೂ, ಎದುರಿನ ಕುರ್ಚಿಗೆ ಯಾರು ಬರುವರೆಂದು ಮೊದಲೇ ತಿಳಿಯದ ಮೇಜಿನಲ್ಲಿ ಉಣ್ಣಿರಿ.