ಅಘನಾಶಿನಿಯ ಅಳಿವೆಯಲ್ಲಿ

ಗೋಕರ್ಣಕ್ಕೆ ಹೋಗುವ ಯಾತ್ರಿಕರು ಮಹಾಬಲೇಶ್ವರನ ದರ್ಶನ ಮಾಡಿ, ಕಡಲ ದಂಡೆಯಲ್ಲಿ ಒಂದು ಸಂಜೆ ಕಳೆದು, ಮರುದಿನ ಬೆಳಿಗ್ಗೆ ಬಸ್ಸು ಹತ್ತುವುದು ವಾಡಿಕೆ. ತುಸು ಇತಿಹಾಸಾಸಕ್ತಿಯುಳ್ಳವರು ಹೆದ್ದಾರಿಯ ಬಳಿ ಇಳಿದು ಮಿರ್ಜಾನದ ಕೋಟೆಯನ್ನೂ, ಅದರೊಡನೆ ಗೇರುಸೊಪ್ಪೆಯ ಮೆಣಸಿನ ರಾಣಿ ಚೆನ್ನಭೈರಾದೇವಿಯನ್ನೂ ನೆನೆದು ಮುಂದೆ ಸಾಗುತ್ತಾರೆ. ಅದೇ ಕೋಟೆಯ ಸಮೀಪದಲ್ಲಿ ಹರಿಯುವ ಹೊಳೆಯತ್ತ ಕಣ್ಣು ಹಾಯಿಸುವವರು ವಿರಳ. ಹಾಯಿಸಿದರೂ ಅಲ್ಲಿ ಕಾಣುವುದೇನು? ಇಳಿತದ ಹೊತ್ತಾದರೆ ಬೂದುಬಣ್ಣದ ಕೆಸರು. ಉಬ್ಬರದ ಹೊತ್ತಾದರೆ ಕದಡಿದ ನೀರು. ಅಂಚಿನಲ್ಲಿ ಕುಳ್ಳ ಮರಗಳ ಪೊದೆ. ಕುಮಟೆಯಲ್ಲಿ ಅಧ್ಯಾಪಕರಾಗಿರುವ ಮಿತ್ರರೊಬ್ಬರು ಒತ್ತಾಯಿಸದಿದ್ದರೆ, ಮಾರ್ಗಶಿರದ ಎರಡು ದಿನಗಳನ್ನು ಈ ಕೆಸರಿನ ಸಹವಾಸದಲ್ಲಿ ಕಳೆಯುವ ಭಾಗ್ಯ ನನಗೂ ಒದಗುತ್ತಿರಲಿಲ್ಲ.

ಅಘನಾಶಿನಿ ಎಂದರೆ ಪಾಪವನ್ನು ನಾಶಮಾಡುವವಳು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಎತ್ತರದಿಂದ ಧುಮುಕಿ, ಕಾಡುಕಣಿವೆಗಳನ್ನು ದಾಟಿ, ಸುಮಾರು 120 ಕಿಲೋಮೀಟರು ನಡೆದು, ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಆಕೆ ಸಮುದ್ರವನ್ನು ಸೇರುತ್ತಾಳೆ. ಈ ದಾರಿಯಲ್ಲಿ ಎಲ್ಲಿಯೂ ದೊಡ್ಡ ಅಣೆಕಟ್ಟು ಆಕೆಯನ್ನು ತಡೆದಿಲ್ಲ. ನೆರೆಯ ಶರಾವತಿ, ಕಾಳಿಗಳ ಪಾಡನ್ನು ಬಲ್ಲವರಿಗೆ ಈ ಮಾತಿನ ತೂಕ ತಿಳಿಯುತ್ತದೆ.

ಹೊಳೆ ಕಡಲನ್ನು ಸೇರುವುದಕ್ಕೆ ಮುನ್ನ ಅಗಲವಾಗಿ ಹರಡಿಕೊಳ್ಳುವ ಈ ಎಡೆಯೇ ಅಳಿವೆ. ಇಲ್ಲಿ ಹೊಳೆಯ ಸಿಹಿನೀರೂ ಕಡಲ ಉಪ್ಪುನೀರೂ ದಿನಕ್ಕೆ ಎರಡು ಸಲ ಒಂದನ್ನೊಂದು ಎದುರುಗೊಳ್ಳುತ್ತವೆ. ಮಳೆಗಾಲದಲ್ಲಿ ಹೊಳೆಯದೇ ಮೇಲುಗೈ; ಬಾಯಿಗೆ ಹಾಕಿದರೆ ನೀರು ಹೆಚ್ಚುಕಡಿಮೆ ಸಪ್ಪೆ. ಚೈತ್ರ ವೈಶಾಖಗಳಲ್ಲಿ ಕಡಲದೇ ದರ್ಬಾರು. ಅಳಿವೆಯ ಸಂಪತ್ತೆಲ್ಲ ಈ ಹಗ್ಗಜಗ್ಗಾಟದಿಂದಲೇ ಹುಟ್ಟುವುದು. ಒಂದು ಪಕ್ಷ ಪೂರ್ತಿ ಗೆದ್ದರೆ ಆಟವೇ ಮುಗಿದಂತೆ.

ಇಳಿತದ ಹೊತ್ತಿಗೆ ನಾವು ದೋಣಿಯಲ್ಲಿ ಹೋದೆವು. ಹೊಳೆಯ ನಡುವೆ ಹತ್ತಿಪ್ಪತ್ತು ಹೆಂಗಸರು ಸೊಂಟದವರೆಗೆ ನೀರಿನಲ್ಲಿ ನಿಂತು, ಕಾಲಿನಿಂದ ಮರಳನ್ನು ತಡವಿ, ಬಾಗಿ ಕೈಹಾಕಿ ಏನನ್ನೋ ಹೆಕ್ಕುತ್ತಿದ್ದರು. ಪಕ್ಕದಲ್ಲಿ ತೇಲುವ ಪಾತ್ರೆ. ಅವರು ಹೆಕ್ಕುತ್ತಿದ್ದುದು ಬಳಚು. ಎರಡು ಚಿಪ್ಪುಗಳ ನಡುವೆ ಬಾಳುವ ಮೃದು ಜೀವಿ. ನೀರನ್ನು ಒಳಗೆಳೆದು, ಅದರಲ್ಲಿ ತೇಲುವ ಸೂಕ್ಷ್ಮ ಆಹಾರವನ್ನು ಸೋಸಿಕೊಂಡು, ತಿಳಿಯಾದ ನೀರನ್ನು ಹೊರಬಿಡುವುದು ಇದರ ಜೀವನಕ್ರಮ. ಕಾಸಿಲ್ಲದೆ ಕೆಲಸಮಾಡುವ ಜಲಶುದ್ಧಿಯ ಯಂತ್ರವೆಂದರೂ ಸಲ್ಲುತ್ತದೆ. ಬಡವರ ಮನೆಯ ಸಾರಿಗೆ ಇದೇ ಬಲ. ಮಿಕ್ಕದ್ದು ಪೇಟೆಗೆ ಹೋಗುತ್ತದೆ.

“ಇಷ್ಟು ಹೊತ್ತು ನೀರಲ್ಲಿ ನಿಂತರೆ ಕಾಲು ನೋಯುವುದಿಲ್ಲವೇ, ಅಮ್ಮಾ?” ಎಂದು ನಾನು ಹಿರಿಯಳೊಬ್ಬಳನ್ನು ಕೇಳಿದೆ.

“ನೋಯ್ತದೆ ಮಾಸ್ತರೇ. ಆದ್ರೆ ಗದ್ದೆ ಇಲ್ಲದವರಿಗೆ ಇದೇ ಗದ್ದೆ. ಇದಕ್ಕೆ ಗೇಣಿ ಕೇಳುವವರಿಲ್ಲ” ಎಂದು ಆಕೆ ನಕ್ಕಳು. ನಗುವಿನ ನಡುವೆಯೂ ಕಾಲು ಮರಳನ್ನು ತಡವುತ್ತಲೇ ಇತ್ತು.

ದಂಡೆಯ ಕುಳ್ಳ ಮರಗಳನ್ನು ಇಲ್ಲಿನವರು ಕಾಂಡ್ಲಾ ಎನ್ನುತ್ತಾರೆ. ನಮ್ಮ ಪ್ರಾಚೀನ ಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಅರ್ಣವಕ್ಕೆ ಸ್ಥಾನವಿದೆ, ಶೈಲಕ್ಕೆ ಸ್ಥಾನವಿದೆ, ಜಲಕ್ರೀಡೆಗೂ ಇದೆ, ಕೆಸರಿಗೆ ಇಲ್ಲ. ಹಾಗಾಗಿ ಕನ್ನಡ ಪಾಠಹೇಳುವ ನನ್ನಂಥವನಿಗೆ ಕಾಂಡ್ಲಾ ಅಪರಿಚಿತವಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಕಾಂಡದಿಂದ ಬಿಲ್ಲಿನಂತೆ ಬಾಗಿ ಕೆಸರಿಗಿಳಿಯುವ ಬೇರುಗಳು ಮರವನ್ನು ಊರುಗೋಲಿನಂತೆ ಹಿಡಿದಿವೆ. ಕೆಲವು ಜಾತಿಗಳಲ್ಲಿ ಬೀಜವು ತಾಯಿಮರದ ಮೇಲೆಯೇ ಮೊಳೆತು, ಉದ್ದನೆಯ ಕೋಡಿನಂತೆ ತೂಗಾಡಿ, ಆಮೇಲೆ ಕಳಚಿ ಬೀಳುತ್ತದೆ; ಉಪ್ಪುಕೆಸರಿನಲ್ಲಿ ಎಳೆಗೂಸನ್ನು ಬಿಡಲು ತಾಯಿಗೆ ಧೈರ್ಯ ಸಾಲದು! ಉದುರಿದ ಎಲೆ ಕೊಳೆತು ಸಣ್ಣ ಜೀವಿಗಳಿಗೆ ಆಹಾರವಾಗುತ್ತದೆ. ಕಡಲಿನಲ್ಲಿ ಹುಟ್ಟಿದ ಸಿಗಡಿಯ ಮರಿಗಳು ಉಬ್ಬರದೊಡನೆ ಬಂದು, ಈ ಬೇರುಗಳ ಮರೆಯಲ್ಲಿ ಬೆಳೆದು, ದೊಡ್ಡವಾದ ಮೇಲೆ ಕಡಲಿಗೆ ಹಿಂದಿರುಗುತ್ತವೆ. ಆಳಸಮುದ್ರದಲ್ಲಿ ಬಲೆ ಬೀಸುವವನ ಪಾಲಿನ ಎಷ್ಟೋ ಸಿಗಡಿ ಹೀಗೆ ಕೆಸರಿನಲ್ಲಿ ಬಾಲ್ಯ ಕಳೆದದ್ದು.

ಮರುದಿನ ಮಾಣಿಕಟ್ಟೆಯ ಕಡೆಯ ಗಜನಿಗಳನ್ನು ನೋಡಿದೆವು. ಗಜನಿ ಎಂದರೆ ಅಳಿವೆಯ ಅಂಚಿನ ತಗ್ಗುಭೂಮಿ. ಸುತ್ತಲೂ ಏರಿ, ಏರಿಯಲ್ಲಿ ಹಲಗೆಯ ಬಾಗಿಲು. ಮಳೆಗಾಲದಲ್ಲಿ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಭತ್ತವನ್ನು ಎರಚುತ್ತಾರೆ. ಈ ಭತ್ತದ ಹೆಸರು ಕಗ್ಗ. ನೆರೆಯಲ್ಲಿ ಕೆಲಕಾಲ ಮುಳುಗಿದರೂ, ಉಪ್ಪು ತಾಗಿದರೂ ಸಾಯದ ಗಟ್ಟಿಗ, ಗೊಬ್ಬರವನ್ನೂ ಬೇಡದು. ಕೊಯ್ಲಾದೊಡನೆ ಬಾಗಿಲು ತೆರೆದು ಉಪ್ಪುನೀರನ್ನು ಒಳಬಿಡುತ್ತಾರೆ. ನೀರಿನ ಜೊತೆ ಮೀನು ಸಿಗಡಿ ಬರುತ್ತವೆ. ಕೊಳೆತ ಕೂಳೆ ಅವಕ್ಕೆ ಮೇವು. ಅವುಗಳ ಹಿಕ್ಕೆ, ಕೊಕ್ಕರೆಗಳ ಹಿಕ್ಕೆ ಮುಂದಿನ ಬೆಳೆಗೆ ಸಾರ. ಏರಿಯನ್ನು ಕಾಯುವುದು, ಬಾಗಿಲನ್ನು ಹಾಕಿ ತೆಗೆಯುವುದು ರೈತರೆಲ್ಲ ಕೂಡಿ ನಡೆಸಬೇಕಾದ ಕೆಲಸ. ಒಬ್ಬನ ಅಸಡ್ಡೆ ಊರಿನ ಬೆಳೆಯನ್ನೇ ಉಪ್ಪಿಗೆ ಒಪ್ಪಿಸೀತು.

1970ರ ದಶಕದಲ್ಲಿ ಮಣ್ಣಿನ ಏರಿಗಳ ಸ್ಥಾನದಲ್ಲಿ ಸರಕಾರ ಕಾಯಂ ಒಡ್ಡುಗಳನ್ನು ಕಟ್ಟಿಸಿತು. ಉದ್ದೇಶ ಕೆಟ್ಟದ್ದಲ್ಲ. ಆದರೆ ಒಡ್ಡು ಗಟ್ಟಿಯಾದಂತೆ ಕೂಡಿ ದುಡಿಯುವ ಅಗತ್ಯ ಸಡಿಲವಾಯಿತು. ಸಿಗಡಿಗೆ ವಿದೇಶದಲ್ಲಿ ಬೆಲೆ ಬಂದಾಗ ಭತ್ತ ಹಿಂದೆ ಬಿತ್ತು. 1990ರ ದಶಕದಲ್ಲಿ ಗಜನಿಗಳನ್ನು ಅಗೆದು ಸಿಗಡಿಯ ಕೊಳಗಳನ್ನು ಮಾಡಿದರು. ಹಿಂದೆಯೇ ಬಿಳಿಚುಕ್ಕೆ ರೋಗ ಬಂದು ಕೊಳ ಕೊಳವೇ ಬರಿದಾಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ಇಂಥ ಕೃಷಿಗೆ ಕಡಿವಾಣ ಹಾಕಿತಾದರೂ, ಕೆಟ್ಟ ಗದ್ದೆ ತೀರ್ಪಿನಿಂದ ಫಲವತ್ತಾಗುವುದಿಲ್ಲವಷ್ಟೆ. ಈಚೆಗೆ ಹೊಳೆಯ ಮರಳನ್ನು ತೋಡುವುದು ಇನ್ನೊಂದು ಪಿಡುಗು. ಮರಳು ಹೋದರೆ ಬಳಚಿನ ಮನೆಯೇ ಹೋಯಿತು. ತದಡಿಯಲ್ಲಿ ಕಲ್ಲಿದ್ದಲಿನ ಬೃಹತ್ ವಿದ್ಯುತ್ ಸ್ಥಾವರವನ್ನು ಸ್ಥಾಪಿಸುವ ಯೋಜನೆಯೂ ಒಮ್ಮೆ ಬಂದಿತ್ತು. ಜನರು ಬಲವಾಗಿ ವಿರೋಧಿಸಿದ್ದರಿಂದ ಅದು ಹಿಂದೆ ಸರಿಯಿತು.

ಜೌಗುನೆಲಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದರ ಪಟ್ಟಿಗೆ ಕರ್ನಾಟಕದಿಂದ ಮೊದಲು ಸೇರಿದ್ದು ರಂಗನತಿಟ್ಟು, 2022ರಲ್ಲಿ. 2024ರಲ್ಲಿ ಗದಗ ಜಿಲ್ಲೆಯ ಮಾಗಡಿಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರಗಳೊಡನೆ ಅಘನಾಶಿನಿಯ ಅಳಿವೆಯ 4,801 ಹೆಕ್ಟೇರುಗಳೂ ಸೇರಿದವು. ಗೌರವವೇನೋ ದೊಡ್ಡದು. ಆದರೆ ಪಟ್ಟಿಗೆ ಸೇರಿದ್ದು ಅಳಿವೆ ಮಾತ್ರ. ಅದನ್ನು ಸಾಕುವ ಹೊಳೆಯಲ್ಲ. ಘಟ್ಟದ ಮೇಲಿನ ನೀರನ್ನು ಪೂರ್ವಕ್ಕೆ, ವೇದಾವತಿಯ ಕಡೆಗೆ ತಿರುಗಿಸುವ ಮಾತು ಎದ್ದಿದೆ. ಮಳೆಗಾಲದ ನೀರು ಸಮುದ್ರಕ್ಕೆ ಸೇರಿ ವ್ಯರ್ಥವಾಗುತ್ತದೆಂಬುದು ಅದರ ಪರವಾದ ವಾದ. ಬಯಲುಸೀಮೆಯವನಾದ ನಾನು ಆ ವಾದದ ಹಿಂದಿನ ಬಾಯಾರಿಕೆಯನ್ನು ಬಲ್ಲೆ. ಅದನ್ನು ಹಗುರಾಗಿ ಕಾಣಲಾರೆ. ಆದರೂ ವ್ಯರ್ಥವೆಂಬ ಪದವನ್ನು ನಾನು ಒಪ್ಪೆ. ಎರಡು ದಿನ ನಾನು ಕಣ್ಣಾರೆ ಕಂಡದ್ದೆಲ್ಲ ಆ ‘ವ್ಯರ್ಥ’ ನೀರಿನ ಕೆಲಸವೇ.

ಗಜನಿಯ ಏರಿಯ ಮೇಲೆ ಕುಳಿತಿದ್ದ ರೈತರ ಮುಂದೆ ನನ್ನ ಮಿತ್ರರು ಈ ಸುದ್ದಿಯನ್ನು ತೆಗೆದರು. ಆತ ಬಹಳ ಹೊತ್ತು ಸುಮ್ಮನಿದ್ದು, “ಆಷಾಢದಲ್ಲಿ ಹೊಳೆ ಬರದೇ ಇದ್ರೆ ಗದ್ದೆಯ ಉಪ್ಪು ತೊಳೆಯುವವರು ಯಾರು, ಮಾಸ್ತರೇ?” ಎಂದರು. ಉಬ್ಬರ ಏರತೊಡಗಿತ್ತು. ಉತ್ತರಕ್ಕೆ ಕಾಯದೆ ಅವರು ಬಾಗಿಲಿನ ಹಲಗೆಯನ್ನು ಸರಿಪಡಿಸಲು ಎದ್ದು ಹೋದರು.