ಬಿಸಿಲಿಗೆ ಮುನಿಯುವ ಕಾರು

ಮೈಸೂರಿನ ಕುವೆಂಪುನಗರದ ಆ ಮನೆಯಲ್ಲಿ ಮಗಳಿಗಿಂತ ಕಾರು ಆರು ವರ್ಷ ದೊಡ್ಡದು. ಹಾಗಾಗಿ ಅಜ್ಜಿ ಅದನ್ನು 'ನಿಮ್ಮಕ್ಕ' ಎಂದೇ ಕರೆಯುವುದು. "ನಿಮ್ಮಕ್ಕನ ಸ್ನಾನ ಆಯ್ತೇನೇ?", "ನಿಮ್ಮಕ್ಕ ಇವತ್ತು ಯಾಕೋ ಕೆಮ್ತಾ ಇದಾಳೆ" ಎಂದು ಮೊಮ್ಮಗಳನ್ನು ಛೇಡಿಸುವುದು ಅವರ ದಿನಚರಿ. ಭಾನುವಾರ ಬೆಳಿಗ್ಗೆ ಅಪ್ಪ ಹಳೆಯ ಲುಂಗಿ ಸುತ್ತಿಕೊಂಡು ಬಾನೆಟ್ಟಿನೊಳಗೆ ತಲೆ ತೂರಿಸಿ ನಿಂತರೆಂದರೆ ತಟ್ಟೆಯಲ್ಲಿನ ಉಪ್ಪಿಟ್ಟು ಆರಿ ತಣ್ಣಗಾದರೂ ಒಳಗೆ ಬರುವವರಲ್ಲ.

ಅದು 2001ರಲ್ಲಿ ತಯಾರಾದ ಹೋಂಡಾ ಸಿಟಿ, ವಿ-ಟೆಕ್ ಎಂಜಿನ್ನಿನ ಮಾದರಿ. ಬ್ಯಾಂಕಿನಲ್ಲಿ ಕೆಲಸ ಮಾಡುವ ಅಪ್ಪನಿಗೆ ಅದನ್ನು ಹೊಸದಾಗಿ ಕೊಳ್ಳುವ ಶಕ್ತಿ ಇರಲಿಲ್ಲ. 2006ರಲ್ಲಿ, ಐದು ವರ್ಷ ಬೇರೊಬ್ಬರ ಕೈಯಲ್ಲಿ ಓಡಿದ್ದನ್ನು ಕೊಂಡರು. ಅಂದಿನ ಮಧ್ಯಮ ವರ್ಗದ ಮನೆಗಳಲ್ಲಿದ್ದ ಮಾರುತಿ 800ರ ಶಕ್ತಿ 37 ಅಶ್ವಶಕ್ತಿಯ ಆಸುಪಾಸು. ಇದರದು ನೂರಕ್ಕೂ ಮಿಗಿಲು. ನೋಡುವುದಕ್ಕೆ ಸಾಧು, ಓಡುವುದಕ್ಕೆ ಜಿಂಕೆ.

ಆ ಓಟದ ಹಿಂದಿರುವ ಉಪಾಯ ಸ್ವಾರಸ್ಯಕರವಾದದ್ದು. ಎಂಜಿನ್ ಉಸಿರಾಡುವುದು ಕವಾಟಗಳ ಮೂಲಕ. ಅವುಗಳನ್ನು ಒತ್ತಿ ತೆರೆಯುವುದು ಕ್ಯಾಮ್ ದಂಡದ ಮೇಲಿನ ಮೊಟ್ಟೆಯಾಕಾರದ ಉಬ್ಬುಗಳು. ನಿಧಾನವಾಗಿ ತಿರುಗುವ ಎಂಜಿನ್ನಿಗೆ ಕವಾಟ ಸ್ವಲ್ಪವೇ ತೆರೆದರೆ ಸಾಕು. ಬಿರುಸಾಗಿ ತಿರುಗುವಾಗ ಹೆಚ್ಚು ಆಳಕ್ಕೆ, ಹೆಚ್ಚು ಹೊತ್ತು ತೆರೆದಿರಬೇಕು. ಒಂದೇ ಉಬ್ಬು ಎರಡೂ ಕೆಲಸವನ್ನು ಚೆನ್ನಾಗಿ ಮಾಡಲಾರದು. 1989ರಲ್ಲಿ ಜಪಾನಿನ ಇಂಟೆಗ್ರಾ ಕಾರಿನಲ್ಲಿ ಮೊದಲು ಬಂದ ವಿ-ಟೆಕ್ ವ್ಯವಸ್ಥೆಯಲ್ಲಿ ಎರಡು ಬಗೆಯ ಉಬ್ಬುಗಳನ್ನು ಇಟ್ಟರು. ಎಂಜಿನ್ ಒಂದು ವೇಗವನ್ನು ದಾಟಿದೊಡನೆ ಆಯಿಲ್ಲಿನ ಒತ್ತಡ ಪುಟ್ಟ ಪಿನ್ನೊಂದನ್ನು ತಳ್ಳುತ್ತದೆ. ದೊಡ್ಡ ಉಬ್ಬು ಅಧಿಕಾರ ವಹಿಸಿಕೊಳ್ಳುತ್ತದೆ. ಅಂದರೆ, ಈ ಎಂಜಿನ್ನಿನ ಪರಾಕ್ರಮವೆಲ್ಲ ನಿಂತಿರುವುದು ಶುದ್ಧವಾದ ಆಯಿಲ್ಲಿನ ಮೇಲೆ. ಅಪ್ಪ ಐದು ಸಾವಿರ ಕಿಲೋಮೀಟರಿಗೊಮ್ಮೆ ತಪ್ಪದೆ ಆಯಿಲ್ ಬದಲಿಸುತ್ತಿದ್ದರು. ಹಬ್ಬಕ್ಕೆ ತಮಗೊಂದು ಅಂಗಿ ತಪ್ಪಬಹುದು, ಕಾರಿನ ಆಯಿಲ್ ತಪ್ಪುತ್ತಿರಲಿಲ್ಲ.

ಆದರೆ ಕಾರು ಮುದಿಯಾಗುವುದು ಎಂಜಿನ್ನಿನಿಂದಲ್ಲ. ಕಬ್ಬಿಣ, ಅಲ್ಯೂಮಿನಿಯಂ ಇಪ್ಪತ್ತು ವರ್ಷಕ್ಕೆ ಜಗ್ಗುವ ಪದಾರ್ಥಗಳಲ್ಲ. ಮೊದಲು ಸೋಲುವುದು ರಬ್ಬರು. ಬಿಸಿಗೆ, ಗಾಳಿಯಲ್ಲಿನ ಓಜೋನಿಗೆ ಅದರ ಉದ್ದನೆಯ ಅಣುಗಳು ಕಡಿದುಹೋಗಿ ಬಿರುಕು ಬಿಡುತ್ತವೆ. ಮೈಸೂರಿನ ಬೋರ್‌ವೆಲ್ ನೀರನ್ನು ರೇಡಿಯೇಟರಿಗೆ ಸುರಿದರೆ ಇಡ್ಲಿ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಅಲ್ಲೂ ಕಟ್ಟುತ್ತದೆ. ಕ್ಯಾಮ್ ದಂಡವನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ಸಹ ರಬ್ಬರೇ. ಅದು ಓಡುವಾಗ ಹರಿದರೆ ಇಂಥ ಎಂಜಿನ್ನುಗಳಲ್ಲಿ ಕವಾಟಕ್ಕೆ ಪಿಸ್ಟನ್ ಬಡಿದು ಎಲ್ಲವೂ ಮುಗಿದಂತೆಯೇ. ಇವನ್ನೆಲ್ಲ ಅಪ್ಪ ಬಲ್ಲರು. ಅಂಗಡಿಯಲ್ಲಿ ಸಿಗದ ಬಿಡಿಭಾಗಕ್ಕಾಗಿ ಬೆಂಗಳೂರಿನ ಶಿವಾಜಿನಗರದ ಗುಜರಿ ಗಲ್ಲಿಗಳನ್ನು ಸುತ್ತಿ, ಬಾಗಿಲಿನ ಹಿಡಿಯೊಂದನ್ನು ಚಿನ್ನದ ಬಳೆಯಂತೆ ಕರವಸ್ತ್ರದಲ್ಲಿ ಸುತ್ತಿ ತಂದವರು ಅವರು. 2016ರಲ್ಲಿ 15 ವರ್ಷ ತುಂಬಿದಾಗಲೂ ಆಮೇಲೆ 2021ರಲ್ಲಿಯೂ ಕಾರು ಪರೀಕ್ಷೆಯಲ್ಲಿ ಪಾಸಾಗಿ ನೋಂದಣಿ ನವೀಕರಣವಾಯಿತು. ಅಂದು ಮನೆಗೆ ಮೈಸೂರು ಪಾಕ್ ಬಂದಿತ್ತು.

ಇಷ್ಟೆಲ್ಲ ಇದ್ದೂ 2024ರ ಏಪ್ರಿಲ್‌ನಲ್ಲಿ ಕಾರು ಕೈಕೊಟ್ಟಿತು, ಅದೂ ನಂಜನಗೂಡಿನಲ್ಲಿ.

ಶ್ರೀಕಂಠೇಶ್ವರನ ದರ್ಶನ ಮುಗಿಸಿ ಹೊರಬಂದಾಗ ಮಧ್ಯಾಹ್ನ ಒಂದು ಗಂಟೆ. ಬಯಲಿನಲ್ಲಿ ನಿಲ್ಲಿಸಿದ್ದ ಕಾರು ಕಾದ ಕಾವಲಿಯಾಗಿತ್ತು. ಬೀಗದ ಕೈ ತಿರುಗಿಸಿದರೆ ಸ್ಟಾರ್ಟರ್ ಸುತ್ತುತ್ತದೆ, ಎಂಜಿನ್ ಮಾತ್ರ ಹತ್ತಿಕೊಳ್ಳದು. ಎಪ್ಪತ್ತೆಂಟರ ಅಜ್ಜಿ ಮಂಡಿನೋವಿನ ಕಾಲುಗಳನ್ನು ನೀಡಿಕೊಂಡು ಅಂಗಡಿಯೊಂದರ ಜಗಲಿಯ ಮೇಲೆ ಮುಕ್ಕಾಲು ಗಂಟೆ ಕುಳಿತರು. ಮುಖ ಬಾಡಿತು, ತಲೆ ಸುತ್ತಿತು. ಅಮ್ಮ ಸೋಡಾ ಕುಡಿಸಿ, ಸೆರಗಿನಿಂದ ಗಾಳಿ ಬೀಸಿ, ಕೊನೆಗೆ ಟ್ಯಾಕ್ಸಿ ಮಾಡಿಕೊಂಡು ಅಜ್ಜಿಯನ್ನೂ ಮಗಳನ್ನೂ ಮನೆಗೆ ಕರೆತಂದರು. ಸಂಜೆ ಬಿಸಿಲು ಇಳಿದ ಮೇಲೆ, ಒಬ್ಬರೇ ಉಳಿದಿದ್ದ ಅಪ್ಪ ಸುಮ್ಮನೆ ಇನ್ನೊಮ್ಮೆ ಕೈ ತಿರುಗಿಸಿದರು. ಏನೂ ಆಗಿಲ್ಲವೆಂಬಂತೆ ಕಾರು ಹೊರಟಿತು!

ಅಂದು ರಾತ್ರಿ ಅಮ್ಮ ಜಗಳವಾಡಲಿಲ್ಲ. "ನೋಡ್ರಿ, ಅತ್ತೆಗೆ ಇವತ್ತು ಏನಾದ್ರೂ ಆಗಿದ್ರೆ? ಮಾರಿಬಿಡಿ" ಎಂದಷ್ಟೇ ಹೇಳಿ ದೀಪ ಆರಿಸಿದರು. ಜಗಳವಾಡಿದ್ದರೆ ಅಪ್ಪನಿಗೆ ಉತ್ತರ ಹೊಳೆಯುತ್ತಿತ್ತೇನೋ. ಬೆಳಿಗ್ಗೆ ಎದ್ದವರು ಒಂದು ತಿಂಗಳ ಗಡುವು ಕೇಳಿದರು.

ಮಂಡಿ ಮೊಹಲ್ಲಾದ ಮೇಸ್ತ್ರಿ ನಂಬಿಕಸ್ಥರು. ಸ್ಪಾರ್ಕ್ ಪ್ಲಗ್ ಬದಲಿಸಿದರು. ಪೆಟ್ರೋಲ್ ಫಿಲ್ಟರ್ ಬದಲಿಸಿದರು. "ಪಂಪೇ ವೀಕಾಗಿರ್ಬೇಕು ಸಾರ್" ಎಂದು ಪಂಪನ್ನೂ ಬದಲಿಸಿದರು. ಗ್ಯಾರೇಜಿನ ನೆರಳಿನಲ್ಲಿ ಕಾರು ಪ್ರತಿ ಸಲವೂ ಜುಮ್ಮೆಂದು ಸ್ಟಾರ್ಟ್ ಆಗುತ್ತಿತ್ತು. ವಾರದೊಳಗೆ ಮಾರುಕಟ್ಟೆಯ ಬಳಿ ಮತ್ತೆ ನಿಂತಿತು. ಹಣ ಹೋಯಿತು, ಕಾಯಿಲೆ ಉಳಿಯಿತು.

ಮಗಳು ಆಗ ಮೊದಲ ಪಿ.ಯು.ಸಿ. ಮುಗಿಸಿ ರಜೆಯಲ್ಲಿದ್ದಳು. ಭೌತಶಾಸ್ತ್ರದಲ್ಲಿ ತೊಂಬತ್ತರ ಮೇಲೆ ಅಂಕ. ಆದರೆ ಮನೆಯ ಫ್ಯೂಸ್ ಹೋದರೆ ಅಪ್ಪನನ್ನೇ ಕೂಗುವವಳು. ಅಂದು ಊಟಕ್ಕೆ ಕುಳಿತಾಗ ಕೇಳಿದಳು:

"ಅಪ್ಪ, ಅದು ಯಾವಾಗ ಕೆಡತ್ತೆ ಅಂತ ಬರೆದಿಟ್ಟಿದೀರಾ?"

"ಬರೆಯೋದೇನು ಪುಟ್ಟಿ, ಬೇಕಾದಾಗಲೆಲ್ಲ ಕೆಡತ್ತೆ."

"ಬೆಳಿಗ್ಗೆ ಒಂದು ಸಲನಾದ್ರೂ ಕೆಟ್ಟಿದೆಯಾ?"

ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದರು. ಕೆಟ್ಟಿರಲಿಲ್ಲ.

ಮಾರನೆಯ ದಿನ ಇನ್ನೂರು ಪುಟದ ನೋಟ್‌ಬುಕ್ಕೊಂದು ಕಾರಿಗಾಗಿಯೇ ಬಂತು. ಮೊದಲ ಪುಟದಲ್ಲಿ ಮಗಳು ಕಾರಿನ ಆರೋಗ್ಯದ ಇತಿಹಾಸ ಬರೆಯತೊಡಗಿದಳು. ಎಂಜಿನ್ ಆಯಿಲ್ ಯಾವಾಗ? ಅಪ್ಪನಿಗೆ ತಾರೀಖು ಸಮೇತ ಬಾಯಿಪಾಠ. ಟೈಮಿಂಗ್ ಬೆಲ್ಟ್? ಅದೂ ಬಾಯಿಪಾಠ. ಟೈರು? ಅದರ ಮೈಮೇಲೆಯೇ ನಾಲ್ಕು ಅಂಕಿಗಳಲ್ಲಿ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ, ನೋಡಿ ಬರೆದಳು. ಬ್ರೇಕ್ ಆಯಿಲ್?

"ಎರಡು ವರ್ಷ ಆಗಿರಬಹುದು" ಎಂದರು ಅಪ್ಪ.

ಬಿಲ್ಲುಗಳ ಕಟ್ಟು ಬಿಚ್ಚಿದಾಗ ಸಿಕ್ಕ ಕೊನೆಯ ರಸೀದಿ 2019ರದು. ಚಕ್ರಗಳ ಬಳಿಯ ಬ್ರೇಕಿನ ರಬ್ಬರ್ ಕೊಳವೆಗಳಿಗಂತೂ ರಸೀದಿಯೇ ಇರಲಿಲ್ಲ.

"ಅಪ್ಪ, ಇದು ಐದು ವರ್ಷ."

ಬ್ರೇಕ್ ಆಯಿಲ್ ನಮ್ಮ ಮಳೆಗಾಲದ ಉಪ್ಪಿನಂತೆ. ಗಾಳಿಯಲ್ಲಿನ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ನೂರಕ್ಕೆ ನಾಲ್ಕು ಪಾಲಿನಷ್ಟು ನೀರು ಸೇರಿದರೆ ಸಾಕು, ಆ ಮಿತಿ 140ರ ಹತ್ತಿರಕ್ಕೆ ಇಳಿಯುತ್ತದೆ. ಬೆಟ್ಟದ ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಒತ್ತಿದಾಗ ಆ ಬಿಸಿ ಬರುವುದು ಅಸಂಭವವೇನಲ್ಲ. ದ್ರವ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಆಗ ಪೆಡಲ್ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಆ ಯುಗಾದಿಗೆ ಅಜ್ಜಿಯನ್ನು ಕೂರಿಸಿಕೊಂಡು ಇದೇ ಕಾರು ಚಾಮುಂಡಿ ಬೆಟ್ಟದಿಂದ ಇಳಿದಿತ್ತು.

ಅಪ್ಪ ಬಹಳ ಹೊತ್ತು ಆ ರಸೀದಿಯನ್ನೇ ನೋಡುತ್ತಾ ಕುಳಿತರು. ಹದಿನೆಂಟು ವರ್ಷ ಆ ಕಾರನ್ನು ಪ್ರೀತಿಸಿದ್ದರು, ನಿಜ. ಆದರೆ ಓಡಿಸುವ ಭಾಗಗಳ ಮೇಲಿದ್ದ ಪ್ರೀತಿ ನಿಲ್ಲಿಸುವ ಭಾಗಗಳ ಮೇಲೆ ಇರಲಿಲ್ಲ. ಮೇಸ್ತ್ರಿ ಎರಡು ಸಲ "ಬ್ರೇಕ್ ಕೆಲಸ ಇದೆ ಸಾರ್" ಎಂದಿದ್ದೂ ನೆನಪಾಯಿತು. 'ಮುಂದಿನ ತಿಂಗಳು' ಎಂದಿದ್ದು ತಾವೇ. ಮರುದಿನವೇ ಬ್ರೇಕಿನ ಕೊಳವೆಗಳು, ದ್ರವ ಎಲ್ಲವೂ ಬದಲಾದವು. ಅದಾಗುವವರೆಗೆ ಅವರು ಕಾರನ್ನು ಗೇಟಿನಿಂದಾಚೆ ತೆಗೆಯಲಿಲ್ಲ. ಮೇಸ್ತ್ರಿಯನ್ನೇ ಮನೆಗೆ ಕರೆಸಿದರು.

ಆಮೇಲೆ ಶುರುವಾಯಿತು ನೋಟ್‌ಬುಕ್ಕಿನ ಪರೀಕ್ಷೆ. ಗಂಟೆ, ಹೊರಗಿನ ಉಷ್ಣಾಂಶ, ಕಾರಿನೊಳಗಿನ ಉಷ್ಣಾಂಶ, ಎಂಜಿನ್ ಬಿಸಿಯೋ ತಣ್ಣಗೋ, ಸ್ಟಾರ್ಟ್ ಆಯಿತೋ ಇಲ್ಲವೋ ಎಂದು ಐದು ಕಲಮುಗಳು. ಹತ್ತು ದಿನಗಳಾದಾಗ ಒಂದು ವಿಚಿತ್ರ ಕಾಣಿಸಿತು. ಶ್ರೀರಂಗಪಟ್ಟಣದವರೆಗೆ ಓಡಿಸಿ, ಕುದಿಯುವ ಎಂಜಿನ್ನನ್ನು ಮರದ ನೆರಳಿನಲ್ಲಿ ಆರಿಸಿ ಮತ್ತೆ ಹಚ್ಚಿದರೆ ಹತ್ತಿತು. ಇನ್ನೊಂದು ದಿನ, ಬೆಳಗಿನಿಂದ ಓಡಿಸದೆ ಕಿಟಕಿ ಮುಚ್ಚಿ ಬಿಸಿಲಿನಲ್ಲೇ ನಿಲ್ಲಿಸಿದ್ದ ಕಾರನ್ನು ಮಧ್ಯಾಹ್ನ ಹಚ್ಚಿದರೆ ಹತ್ತಲಿಲ್ಲ. ಎಂಜಿನ್ ಓಡಿಯೇ ಇರಲಿಲ್ಲ! ಹೊರಗೆ 37 ಡಿಗ್ರಿ, ಒಳಗೆ 58. ನಾಲ್ಕೂ ಬಾಗಿಲು ತೆರೆದು ಅರ್ಧ ಗಂಟೆ ಬಿಟ್ಟರೆ ಹತ್ತಿತು.

"ಅಪ್ಪ, ಕಾಯಿಲೆ ಬಾನೆಟ್ ಕೆಳಗೆ ಇಲ್ಲ. ನಾವು ಕೂರೋ ಜಾಗದಲ್ಲಿದೆ" ಎಂದಳು ಮಗಳು.

ಬೀಗದ ಕೈಯನ್ನು 'ಆನ್' ಹಂತಕ್ಕೆ ತಿರುಗಿಸಿದಾಗ ಹಿಂದಿನ ಸೀಟಿನ ಕಡೆಯಿಂದ ಪೆಟ್ರೋಲ್ ಪಂಪಿನ 'ಗುಂಯ್' ಸದ್ದು ಎರಡು ಸೆಕೆಂಡು ಕೇಳಿಸಬೇಕು. ಕಾರು ಮುನಿದಾಗ ಆ ಸದ್ದಿರಲಿಲ್ಲ. ಪಂಪು ಹೊಸದು, ಫ್ಯೂಸು ಸರಿಯಿದೆ. ಹಾಗಾದರೆ ಪಂಪಿಗೆ ವಿದ್ಯುತ್ತನ್ನು ಬಿಡುವವರು ಯಾರು? ಅಪ್ಪನ ಬಳಿ ಇದ್ದ ರಿಪೇರಿ ಕೈಪಿಡಿಯ ಜೆರಾಕ್ಸ್ ಪ್ರತಿಯಲ್ಲಿ ತಂತಿಗಳ ನಕ್ಷೆಯ ಮೇಲೆ ಪೆನ್ಸಿಲಿನಿಂದ ಹಿಂದಕ್ಕೆ ಹಿಂದಕ್ಕೆ ಸಾಗಿದಾಗ ಡ್ಯಾಶ್‌ಬೋರ್ಡಿನ ಕೆಳಗೆ ಅಡಗಿದ್ದ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ರಿಲೇ ಪೆಟ್ಟಿಗೆ ಸಿಕ್ಕಿತು.

ಬ್ಯಾಟರಿಯ ತಂತಿ ಬಿಚ್ಚಿ ಅದನ್ನು ಹೊರತೆಗೆದರು. ಊಟದ ಮೇಜಿನ ಮೇಲೆ ಹಳೆಯ ಬ್ಯಾಟರಿ, ಒಂದು ಬಲ್ಬು ಇಟ್ಟು ಜೋಡಿಸಿದರು. ಬಲ್ಬು ಉರಿಯಿತು. ಅಮ್ಮನ ಹೇರ್ ಡ್ರೈಯರ್‌ನಿಂದ ಬಿಸಿಗಾಳಿ ಹಾಯಿಸಿದರು. ಬಲ್ಬು ಆರಿತು! ಫ್ಯಾನಿನ ಕೆಳಗೆ ತಣಿಸಿದರೆ ಮತ್ತೆ ಉರಿಯಿತು. ಅಡುಗೆಮನೆಯಿಂದ ಬಂದ ಅಮ್ಮ ಸೌಟು ಹಿಡಿದೇ ನಿಂತು, "ಇನ್ನೊಂದು ಸಲ ಮಾಡಿ ನೋಡೋಣ" ಎಂದರು.

ಪೆಟ್ಟಿಗೆ ಬಿಚ್ಚಿದಾಗ ಅಪ್ಪನ ಕನ್ನಡಕಕ್ಕೆ ಏನೂ ಕಾಣಲಿಲ್ಲ. ಭೂತಗನ್ನಡಿ ಹಿಡಿದ ಮಗಳ ಕಣ್ಣಿಗೆ, ಒಂದು ಕಾಲಿನ ಸುತ್ತ ಕೂದಲೆಳೆಯಂಥ ವೃತ್ತ ಕಂಡಿತು. ಬೆಸುಗೆ ಬಿರಿದಿತ್ತು. ಒಂದು ಮೀಟರ್ ತಾಮ್ರ ಒಂದು ಡಿಗ್ರಿ ಬಿಸಿಗೆ ಹಿಗ್ಗುವುದು ಸುಮಾರು 17 ಮೈಕ್ರೋಮೀಟರ್. ತವರ-ಸೀಸದ ಬೆಸುಗೆ ಹಿಗ್ಗುವುದು ಸುಮಾರು 24. ಹಗಲು ಹಿಗ್ಗಿ ರಾತ್ರಿ ಕುಗ್ಗಿ, ಇಪ್ಪತ್ತಮೂರು ವರ್ಷ ಒಬ್ಬರನ್ನೊಬ್ಬರು ಎಳೆದಾಡಿದ ಮೇಲೆ ನಂಟು ಕಡಿದಿತ್ತು. ತಣ್ಣಗಿದ್ದಾಗ ತಾಕುತ್ತಿತ್ತು, ಬಿಸಿಯಾದಾಗ ಬಿಡುತ್ತಿತ್ತು. ಇದು ತಯಾರಿಸಿದವರ ತಪ್ಪೂ ಅಲ್ಲ, ಮೇಸ್ತ್ರಿಯ ತಪ್ಪೂ ಅಲ್ಲ, ವಯಸ್ಸಿನದು. ಪಠ್ಯಪುಸ್ತಕದಲ್ಲಿ ರೈಲು ಕಂಬಿಗಳ ನಡುವಿನ ಸಂದಿನ ಚಿತ್ರ ಬರೆದು ಅಂಕ ಗಿಟ್ಟಿಸಿದ್ದ ಪಾಠವೇ ಅವಳ ಮನೆಯವರನ್ನು ನಂಜನಗೂಡಿನ ಬಿಸಿಲಿನಲ್ಲಿ ಕೂರಿಸಿತ್ತು.

ಅಪ್ಪ ಬೆಸುಗೆಯ ಕಡ್ಡಿ ಕಾಯಿಸಿ ಮಗಳ ಕೈಗೆ ಕೊಟ್ಟರು. "ನನ್ನ ಕೈ ನಡುಗತ್ತೆ ಪುಟ್ಟಿ, ನೀನೇ ಮಾಡು." ಹಳೆಯ ಬೆಸುಗೆ ಕರಗಿಸಿ ತೆಗೆದು, ಹೊಸದನ್ನು ಹಾಕಲು ಹತ್ತು ನಿಮಿಷ ಹಿಡಿಯಿತು. ಖರ್ಚು ಹತ್ತು ರೂಪಾಯಿಯೂ ಇಲ್ಲ. ಮೇಸ್ತ್ರಿಗೆ ತೋರಿಸಿದಾಗ ಅವರು ಭೂತಗನ್ನಡಿಯಲ್ಲಿ ಎರಡು ಸಲ ನೋಡಿ, ತಲೆದೂಗಿ, "ನಮ್ ಹತ್ರ ಇನ್ನೊಂದು ಗಾಡಿ ಇದೆ, ಮಧ್ಯಾಹ್ನ ಮಾತ್ರ ನಿಲ್ಲತ್ತೆ. ಬಂದು ನೋಡ್ತೀಯಾಮ್ಮ?" ಎಂದು ಕೇಳಿದರು. ಮುಂದಿನ ವರ್ಷ ಸಿ.ಇ.ಟಿ. ಇದೆ, ಸಮಯ ಹಾಳು ಎನ್ನಬೇಕಿದ್ದ ಅಮ್ಮ, "ಊಟ ಮಾಡ್ಕೊಂಡು ಹೋಗು" ಎಂದರು.

ಗಡುವಿನ ಕೊನೆಯ ಭಾನುವಾರ ಎಲ್ಲರೂ ಮತ್ತೆ ನಂಜನಗೂಡಿಗೆ ಹೋದರು. ಅದೇ ಬಯಲು, ಅದೇ ಬಿಸಿಲು. ಬೇಕೆಂದೇ ಕಿಟಕಿಗಳನ್ನು ಮುಚ್ಚಿ ಎರಡು ಗಂಟೆ ನಿಲ್ಲಿಸಿದರು. ದರ್ಶನ ಮುಗಿದ ಮೇಲೆ ಅಜ್ಜಿ ಅಂಗಡಿಯ ಅದೇ ಜಗಲಿಯ ಮೇಲೆ ಗಟ್ಟಿಯಾಗಿ ಕುಳಿತುಬಿಟ್ಟರು.

"ಮೊದಲು ಅವಳು ಮಾತಾಡ್ಲಿ. ಆಮೇಲೆ ಹತ್ತುತೀನಿ."

ಅಪ್ಪ ಬೀಗದ ಕೈ ತಿರುಗಿಸಿದರು. ಮಗಳು ಹಿಂದಿನ ಸೀಟಿಗೆ ಕಿವಿಗೊಟ್ಟು, ನೋಟ್‌ಬುಕ್ ತೆರೆದು ಬರೆದಳು: 'ಮಧ್ಯಾಹ್ನ 1.20. ಹೊರಗೆ 36, ಒಳಗೆ 59. ಪಂಪಿನ ಸದ್ದು: ಇದೆ.'