ಪ್ಲಾಟಿನಂ ನಂಟು

ಪ್ಲಾಟಿನಂ ಎಂದೊಡನೆ ನಮ್ಮ ಹೆಣ್ಣುಮಕ್ಕಳಿಗೆ ಉಂಗುರದ ನೆನಪಾಗುತ್ತದೆ. ಡೆಟ್ರಾಯಿಟಿನವರಿಗಾದರೋ, 1975ರ ಮಾದರಿಯ ಕಾರುಗಳಿಂದ ಮೊದಲ್ಗೊಂಡು ಹೊಗೆಯನ್ನು ಶುದ್ಧಿಗೊಳಿಸುತ್ತಿರುವ ಪರಿವರ್ತಕದ ನೆನಪು. ಆ ಲೋಹಕ್ಕೆ ಔಷಧದ ಗುಣವಿರುವುದು ತಿಳಿದುಬಂದದ್ದೂ ಈ ಸೀಮೆಯಲ್ಲಿಯೇ.

ಡೆಟ್ರಾಯಿಟಿಗೆ ಸುಮಾರು 90 ಮೈಲಿ ದೂರದ ಈಸ್ಟ್ ಲ್ಯಾನ್ಸಿಂಗಿನಲ್ಲಿರುವ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾಗಳ ನಡುವೆ ವಿದ್ಯುತ್ತನ್ನು ಹರಿಸಿದಾಗ, ಅವು ಇಬ್ಭಾಗವಾಗದೆ ನೂಲಿನಂತೆ ಉದ್ದಕ್ಕೆ ಬೆಳೆದವು. ಕಾರಣ ವಿದ್ಯುತ್ತಲ್ಲ, ವಿದ್ಯುದಗ್ರದಿಂದ ಕರಗಿ ಬಂದ ಪ್ಲಾಟಿನಂ! 1965ರಲ್ಲಿ ಪ್ರಕಟವಾದ ಈ ಶೋಧದ ಫಲವೇ ಸಿಸ್‌ಪ್ಲಾಟಿನ್. 1978ರಲ್ಲಿ ಅದಕ್ಕೆ ಸರ್ಕಾರದ ಮನ್ನಣೆ ದೊರೆಯಿತು.

2018ರಲ್ಲಿ ನನ್ನ ಓರಗಿತ್ತಿಗೆ ಗರ್ಭಕಂಠದ ಕ್ಯಾನ್ಸರ್ ಎಂದು ತಿಳಿದಾಗ, ನಾನು ಷಿಕಾಗೋದಿಂದ ಹೋಗಿ ಡೆಟ್ರಾಯಿಟ್ ಉಪನಗರದ ಅವಳ ಮನೆಯಲ್ಲಿ ಆರು ವಾರ ಇದ್ದೆ. ವಾರಕ್ಕೊಮ್ಮೆ ಈ ಔಷಧ. ಜೊತೆಗೆ ಚೀಲಗಟ್ಟಲೆ ಉಪ್ಪುನೀರು. ಮೂತ್ರಪಿಂಡಗಳ ರಕ್ಷಣೆಗೆ ಎಂದರು ದಾದಿ. ನೀರು ಸರಿ, ಉಪ್ಪೇಕೆ? ಕನ್ನಡ, ಇತಿಹಾಸ ಓದಿ ಬಿ.ಎ. ಮುಗಿಸಿದ ನನಗೆ ಮಗಳ ಹಳೆಯ ರಸಾಯನ ಪುಸ್ತಕವೇ ಗತಿಯಾಯಿತು.

ಪುಸ್ತಕ ಮತ್ತೆ ನನ್ನನ್ನು ಷಿಕಾಗೋಗೇ ಕರೆದೊಯ್ದಿತು. ಅಣುವಿನಲ್ಲಿ ಎಲೆಕ್ಟ್ರಾನು ಒಂದೇ ಪರಮಾಣುವಿನ ಸೊತ್ತಲ್ಲ, ಅವಿಭಕ್ತ ಕುಟುಂಬದ ಆಸ್ತಿಯಂತೆ ಇಡೀ ಅಣುವಿಗೆ ಸೇರಿದ್ದು ಎಂಬ ವಿಚಾರವನ್ನು ಬೆಳೆಸಿದ ರಾಬರ್ಟ್ ಮಲ್ಲಿಕನ್ ಅಲ್ಲಿನ ವಿಶ್ವವಿದ್ಯಾಲಯದವರು. 1966ರ ನೊಬೆಲ್ ಪುರಸ್ಕೃತರು. ಸಿಸ್‌ಪ್ಲಾಟಿನ್ನಿನಲ್ಲಿ ಲೋಹದ ಎಂಟು ಎಲೆಕ್ಟ್ರಾನುಗಳು ನಾಲ್ಕು ಕಕ್ಷಕಗಳಲ್ಲಿ ಜೋಡಿಜೋಡಿಯಾಗಿ ನೆಲೆಸುತ್ತವೆ. ನೆರೆಯವರತ್ತ ನೇರ ಮುಖಮಾಡಿದ ಐದನೆಯದು ಶಕ್ತಿಯಲ್ಲಿ ಮೇಲೇರಿ ಬರಿದಾಗಿ ಉಳಿಯುತ್ತದೆ. ಆದುದರಿಂದ ಎರಡು ಅಮೋನಿಯಾ, ಎರಡು ಕ್ಲೋರೈಡ್ ಲೋಹದ ಸುತ್ತ ಚೌಕವಾಗಿ ಕುಳಿತುಕೊಳ್ಳುತ್ತವೆ. ಚೌಕದ ಮೇಲೂ ಕೆಳಗೂ ಬಾಗಿಲು ತೆರೆದಿರುತ್ತದೆ. ಹೊಸಬ ಅಲ್ಲಿಂದ ಒಳಬಂದ ಮೇಲೆಯೇ ಹಳಬ ಹೊರಡುವುದು. ಷಿಕಾಗೋ ಪಕ್ಕದ ಇವಾನ್‌ಸ್ಟನ್ನಿನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಫ್ರೆಡ್ ಬಸೋಲೋ ಮತ್ತು ರಾಲ್ಫ್ ಪಿಯರ್ಸನ್ ಇಂಥ ಅದಲುಬದಲುಗಳನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದರು.

ಉಪ್ಪಿನ ಗುಟ್ಟು ಇಲ್ಲಿಯೇ ಇದೆ. ಉಪ್ಪೆಂದರೆ ಕ್ಲೋರೈಡ್. ಚೀಲದಲ್ಲಿಯೂ ರಕ್ತದಲ್ಲಿಯೂ ಅದು ಹೇರಳವಾಗಿರುವುದರಿಂದ, ಒಂದು ಕ್ಲೋರೈಡ್ ಹೊರಟರೆ ಆ ಸ್ಥಾನಕ್ಕೆ ಇನ್ನೊಂದು ಬರುತ್ತದೆ. ಔಷಧ ಕೆಡದೆ ಸಾಗುತ್ತದೆ. ಜೀವಕೋಶದೊಳಗೆ ಕ್ಲೋರೈಡಿಗೆ ಬರ. ಅಲ್ಲಿ ನೀರು ಬಂದು ಕುಳಿತು, ಬಳಿಕ ಡಿಎನ್‌ಎಗೆ ಜಾಗ ಬಿಟ್ಟುಕೊಡುತ್ತದೆ. ಅಕ್ಕಪಕ್ಕದ ಎರಡು ಕೈಗಳಿಂದಲೂ ಪ್ಲಾಟಿನಂ ಹಿಡಿದು ಬಗ್ಗಿಸಿದ ಡಿಎನ್‌ಎ ಪ್ರತಿಯಾಗಲಾರದು, ಕೋಶ ಸಾಯುತ್ತದೆ. ಕ್ಲೋರೈಡುಗಳು ಎದುರುಬದುರಾಗಿರುವ ಇದರ ಅವಳಿಗೆ ಈ ಹಿಡಿತ ಸಾಧ್ಯವಿಲ್ಲ. ಅದು ಔಷಧವೂ ಆಗಲಿಲ್ಲ.

ಹಿಡಿತ ರೋಗದ ಕೋಶವನ್ನಷ್ಟೇ ಆರಿಸಿಕೊಳ್ಳುವುದಿಲ್ಲ. ಓರಗಿತ್ತಿ ಗುಣಮುಖಳಾದಳು, ಆದರೆ ಭಜನೆಯ ತಾಳದ ಕಿಣಿಕಿಣಿ ಅವಳಿಗೀಗ ಕೇಳಿಸದು. ಚಿಕಿತ್ಸೆ ಮುಗಿದು ಹಲವು ವರ್ಷಗಳಾದರೂ ರಕ್ತದಲ್ಲಿ ಪ್ಲಾಟಿನಂ ಲೇಶ ಉಳಿದಿರುತ್ತದೆಂದು ಓದಿ ಹೇಳಿದೆ. ಅವಳು ನಕ್ಕು, “ಹಾಗಾದರೆ ಈ ಒಡವೆಯನ್ನು ಲಾಕರಿನಲ್ಲಿಡುವ ಕಷ್ಟವಿಲ್ಲ ಬಿಡು” ಎಂದಳು.